ಪ್ರ: ಏನೋ ಕೆಟ್ಟದ್ದು ಆಗುತ್ತೆ ಅನ್ನಿಸೋದು ಮುನ್ಸೂಚನೆಯಾ?

3 ವಾರದಿಂದ ಬೆಳಗಿನ ಜಾವ 4ಕ್ಕೆ ಎಚ್ಚರ, ಎದೆ ಡವಡವ, ಊರಲ್ಲಿರೋ ಅಪ್ಪನಿಗೆ ಏನೋ ಆಗಿಬಿಡುತ್ತೆ ಅನ್ನೋ ಭಯ, ಇದು ಮುನ್ಸೂಚನೆಯಾ ಅಂತ ಕೇಳಿದ್ದೀರಿ. ಅಲ್ಲ. ನನಗೂ ಒಂದು ವರ್ಷ ಹೀಗೇ ಇತ್ತು, ಹೆದರಿದ್ದು ಒಂದೂ ಆಗಲಿಲ್ಲ. ನಿಜವಾದ ಒಂದು ಸಲ ನೆನಪಿರುತ್ತೆ, ಸುಳ್ಳಾದ ನೂರು ಸಲ ಮರೆತುಹೋಗುತ್ತೆ. ಕಣ್ಣು ಅದುರೋ ಲೆಕ್ಕವೂ ಅಷ್ಟೇ.

ಬೆಳಗಿನ ಜಾವ ಮೈಯಲ್ಲಿ ಕಾರ್ಟಿಸಾಲ್ ಅನ್ನೋ ಒತ್ತಡದ ಹಾರ್ಮೋನ್ ತಾನಾಗೇ ಏರುತ್ತೆ. ಆತಂಕ ಇದ್ದವರಿಗೆ ಅಡ್ರಿನಲಿನ್ ಕೂಡ ಸೇರಿ ಮೊದಲು ಎದೆ ಬಡ್ಕೊಳ್ಳುತ್ತೆ, ಆಮೇಲೆ ಮನಸ್ಸು ಅದಕ್ಕೊಂದು ಕಾರಣ ಹುಡುಕುತ್ತೆ. ನಿಮ್ಮ ಮನಸ್ಸಿಗೆ ಅಪ್ಪ ಸಿಕ್ಕಿದ್ದಾರೆ.

ಥೈರಾಯ್ಡ್ ಪರೀಕ್ಷೆ ಮಾಡಿಸಿ, ಅದು ಜಾಸ್ತಿಯಾದರೂ ಹೀಗಾಗುತ್ತೆ. ಸಂಜೆ ಕಾಫಿ ಬಿಡಿ (ನನಗೆ ಕಷ್ಟವಾಗಿದ್ದು ಇದೇ).

ಆದರೆ ಇದ್ದಕ್ಕಿದ್ದಂತೆ 'ಸತ್ತೇ ಹೋಗ್ತೀನಿ' ಅನ್ನಿಸಿ, ಎದೆ ಹಿಂಡಿದಂತಾಗಿ, ತಣ್ಣನೆ ಬೆವರು ಬಂದರೆ ಆತಂಕ ಅಂದ್ಕೊಂಡು ಮಲಗಬೇಡಿ. ಹೃದಯಾಘಾತದಲ್ಲೂ ಹೀಗೇ ಆಗುತ್ತೆ. ತಕ್ಷಣ 108ಕ್ಕೆ ಫೋನ್ ಮಾಡಿ.

ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅಪ್ಪನಿಗೆ ಬೆಳಗಾದ ಮೇಲೆ ಫೋನ್ ಮಾಡಿ. 4 ಗಂಟೆಗೆ ಮಾಡಿದರೆ ಪಾಪ, ಅವರು ಹೆದರಿಬಿಡ್ತಾರೆ.