ಆಟಗಾರ್ತಿ ಹೊರಗೆ, ಕೋಚ್ ಒಳಗೆ

ಅಮೆರಿಕದ ಮಹಿಳಾ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಕಾಣುವ ಒರಟಾಟ ಮತ್ತು ಅದಕ್ಕೆ ಕೋಚ್‌ಗಳು ಹೊರಬೇಕಾದ ಹೊಣೆಯ ಬಗ್ಗೆ ಬಂದ ಪತ್ರಗಳಲ್ಲಿ ಕೆಲವಕ್ಕೆ ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: 2024ರಲ್ಲಿ ಸೌತ್ ಕ್ಯಾರೊಲಿನಾ ಮತ್ತು ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್) ವಿಶ್ವವಿದ್ಯಾಲಯಗಳ ತಂಡಗಳ ನಡುವಿನ ಪಂದ್ಯದ ಜಗಳದ ವಿಡಿಯೊ ಈಗಲೂ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿದೆ. ತಳ್ಳಿದ ಆಟಗಾರ್ತಿಗೆ ಶಿಕ್ಷೆಯಾಯಿತು, ಆಕೆಯ ಕೋಚ್‌ಗೆ ಏನೂ ಆಗಲಿಲ್ಲ. ತಂಡ ಒರಟಾಗಿ ಆಡಿದರೆ ಹೊಣೆ ಯಾರದು?
– ಓದುಗರೊಬ್ಬರು, ಧಾರವಾಡ

ಉತ್ತರ: ಆ ವಿಡಿಯೊದ ತುಣುಕುಗಳಲ್ಲಿ ಕೊನೆಯ ಕೆಲವು ಸೆಕೆಂಡುಗಳಷ್ಟೇ ಇರುವುದರಿಂದ ನಡೆದದ್ದನ್ನು ಮೊದಲಿನಿಂದ ಹೇಳುವುದು ಒಳ್ಳೆಯದು. ಅದು ಎಸ್‌ಇಸಿ ಎಂಬ ಕಾಲೇಜು ಒಕ್ಕೂಟದ ಫೈನಲ್. 2024ರ ಮಾರ್ಚ್ 10ರಂದು ಗ್ರೀನ್‌ವಿಲ್‌ನಲ್ಲಿ ನಡೆಯಿತು. ಪಂದ್ಯ ಮುಗಿಯಲು ಎರಡು ನಿಮಿಷ ಚಿಲ್ಲರೆ ಉಳಿದಿರುವಾಗ ಸೌತ್ ಕ್ಯಾರೊಲಿನಾದ ಮಿಲೇಸಿಯಾ ಫುಲ್‌ವೈಲಿ ಎದುರಾಳಿಯಿಂದ ಚೆಂಡು ಕಸಿದು ಮುನ್ನುಗ್ಗಿದರು. ಎಲ್‌ಎಸ್‌ಯುನ ಫ್ಲಾಜೆ ಜಾನ್ಸನ್ ಅವರನ್ನು ಹಿಡಿದು ನಿಲ್ಲಿಸಿದರು. ಅದು ಬೇಕೆಂದೇ ಮಾಡಿದ ಫೌಲ್. ಸೌತ್ ಕ್ಯಾರೊಲಿನಾದ ಇನ್ನೊಬ್ಬ ಆಟಗಾರ್ತಿ ಎದುರು ಬಂದು ನಿಂತರು, ಮಾತಿಗೆ ಮಾತು ಬೆಳೆಯಿತು, ಜಾನ್ಸನ್ ಭುಜದಿಂದ ನೂಕಿ ಮುಂದೆ ಸಾಗಿದರು. ಆಗ ಸೌತ್ ಕ್ಯಾರೊಲಿನಾದ 6 ಅಡಿ 7 ಅಂಗುಲ ಎತ್ತರದ ಕಮಿಲಾ ಕಾರ್ಡೋಸೊ ಧಾವಿಸಿ ಬಂದು, ತಮಗಿಂತ ಮುಕ್ಕಾಲು ಅಡಿಯಷ್ಟು ಕುಳ್ಳಗಿನ ಜಾನ್ಸನ್‌ರನ್ನು ನೆಲಕ್ಕುರುಳುವಂತೆ ತಳ್ಳಿದರು. ಎರಡೂ ಬೆಂಚುಗಳಿಂದ ಆಟಗಾರ್ತಿಯರು ಎದ್ದು ಬಂದರು. ಜಾನ್ಸನ್‌ರ ಸಹೋದರ ಪ್ರೇಕ್ಷಕರ ಸಾಲಿನಿಂದ ಅಂಕಣಕ್ಕೆ ನುಗ್ಗಿ ಪೊಲೀಸರ ವಶವಾದರು. ಪಂದ್ಯವನ್ನು ಸೌತ್ ಕ್ಯಾರೊಲಿನಾ 79–72ರಿಂದ ಗೆದ್ದಿತು.

ಅಮೆರಿಕದ ಕಾಲೇಜು ಕ್ರೀಡೆಗಳನ್ನು ಆಳುವ ಎನ್‌ಸಿಎಎ ನಿಯಮದ ಪ್ರಕಾರ ಜಗಳಕ್ಕಿಳಿದ ಆಟಗಾರ್ತಿಯನ್ನು ಆ ಪಂದ್ಯದಿಂದ ಹೊರಹಾಕಬೇಕು, ಆಕೆ ಮುಂದಿನ ಒಂದು ಪಂದ್ಯವನ್ನೂ ಆಡುವಂತಿಲ್ಲ. ಜಗಳದ ಹೊತ್ತಿನಲ್ಲಿ ಬೆಂಚು ಬಿಟ್ಟು ಅಂಕಣಕ್ಕೆ ಕಾಲಿಟ್ಟವರೂ ಹೊರಗೆ ಹೋಗಬೇಕು. ನಿಯಮವನ್ನು ಅಕ್ಷರಶಃ ಪಾಲಿಸಲಾಯಿತು. ಆದರೆ ಕಾರ್ಡೋಸೊ ಕಳೆದುಕೊಂಡ ಆ ಮುಂದಿನ ಪಂದ್ಯ ರಾಷ್ಟ್ರೀಯ ಟೂರ್ನಿಯ ಮೊದಲ ಸುತ್ತಿನದು. ಎದುರಾಳಿ ಪ್ರೆಸ್ಬಿಟೇರಿಯನ್ ಎಂಬ ಪುಟ್ಟ ಕಾಲೇಜು. ಸೌತ್ ಕ್ಯಾರೊಲಿನಾ 91–39ರಿಂದ ಗೆದ್ದಿತು. ಐವತ್ತೆರಡು ಅಂಕಗಳ ಅಂತರದಲ್ಲಿ ಗೆಲ್ಲುವ ಪಂದ್ಯಕ್ಕೆ ತಾರೆಯೊಬ್ಬರು ಇಲ್ಲವೆಂದರೆ ಅದು ಆಟಗಾರ್ತಿಗೆ ನೋವಿನ ಸಂಗತಿಯಾದೀತು, ತಂಡಕ್ಕೂ ಕೋಚ್‌ಗೂ ಅದರಿಂದ ಕಳೆದುಕೊಂಡದ್ದೇನೂ ಇಲ್ಲ. ಆ ವರ್ಷ ತಂಡ 38 ಪಂದ್ಯಗಳನ್ನಾಡಿ ಅಷ್ಟನ್ನೂ ಗೆದ್ದು ಚಾಂಪಿಯನ್ ಆಯಿತು.

ಇನ್ನು ಕೋಚ್‌ಗಳ ನಡವಳಿಕೆ. ಸೌತ್ ಕ್ಯಾರೊಲಿನಾದ ಡಾನ್ ಸ್ಟೇಲಿ ಪಂದ್ಯ ಮುಗಿದೊಡನೆ ಟಿವಿ ಕ್ಯಾಮೆರಾ ಮುಂದೆಯೇ ಕ್ಷಮೆ ಕೇಳಿದರು. ಕಾರ್ಡೋಸೊ ಕೂಡ ಅದೇ ದಿನ ಕ್ಷಮೆ ಕೋರಿದರು. ಎಲ್‌ಎಸ್‌ಯು ಕೋಚ್ ಕಿಮ್ ಮಲ್ಕಿ ಮಾತ್ರ, ತಳ್ಳುವುದಿದ್ದರೆ ತಮ್ಮ ತಂಡದ ಎತ್ತರದ ಆಟಗಾರ್ತಿ ಏಂಜೆಲ್ ರೀಸ್‌ರನ್ನು ತಳ್ಳಬೇಕಿತ್ತು, ಅಷ್ಟು ಸಣ್ಣ ಹುಡುಗಿಯನ್ನಲ್ಲ ಎಂಬರ್ಥದ ಮಾತಾಡಿದರು. ಬಿದ್ದವಳು ತಮ್ಮ ಹುಡುಗಿ ಎಂಬ ಸಿಟ್ಟು ಅರ್ಥವಾಗುವಂಥದ್ದೇ. ಆದರೆ ಬೇಕೆಂದೇ ಮಾಡಿದ ಫೌಲ್‌ನಿಂದ ಇದೆಲ್ಲ ಹೊತ್ತಿಕೊಂಡಿತು ಎಂಬುದನ್ನು ಆ ಮಾತು ಮರೆಸಿಬಿಟ್ಟಿತು. ಇದೇ ಮಲ್ಕಿ 2010ರ ಮಾರ್ಚ್‌ನಲ್ಲಿ ಬೇಲರ್ ವಿಶ್ವವಿದ್ಯಾಲಯದ ಕೋಚ್ ಆಗಿದ್ದಾಗ, ಮೊದಲ ವರ್ಷದ ಆಟಗಾರ್ತಿ ಬ್ರಿಟ್ನಿ ಗ್ರೈನರ್ ಟೆಕ್ಸಸ್ ಟೆಕ್ ತಂಡದ ಎದುರಾಳಿಯ ಮುಖಕ್ಕೆ ಗುದ್ದಿ ಮೂಗು ಮುರಿದಿದ್ದರು. ನಿಯಮದಂತೆ ಒಂದು ಪಂದ್ಯದ ಅಮಾನತು ಆಯಿತು. ಮಲ್ಕಿ ತಾವಾಗಿಯೇ ಅದಕ್ಕೆ ಇನ್ನೊಂದು ಪಂದ್ಯ ಸೇರಿಸಿದರು. ಕೋಚ್ ಹೊಣೆ ಹೊರುವುದೆಂದರೆ ನನ್ನ ಲೆಕ್ಕದಲ್ಲಿ ಇದು. ನಿಯಮ ಕೇಳಿದ್ದಕ್ಕಿಂತ ಹೆಚ್ಚನ್ನು, ತನ್ನ ತಂಡಕ್ಕೆ ನಷ್ಟವಾಗುವಂತೆ, ತಾನಾಗಿಯೇ ಕೊಡುವುದು. 2024ರಲ್ಲಿ ಸ್ಟೇಲಿಯವರ ಕ್ಷಮೆ ಪ್ರಾಮಾಣಿಕವಾಗಿತ್ತು, ಆದರೆ ಆ ಹೆಚ್ಚಿನ ಒಂದು ಪಂದ್ಯ ಅದರ ಜೊತೆಗೆ ಬರಲಿಲ್ಲ.

ನಿಮ್ಮ ಪ್ರಶ್ನೆಯ ತಿರುಳು ಇಲ್ಲಿದೆ: ಎನ್‌ಸಿಎಎ ನಿಯಮಾವಳಿಯಲ್ಲಿ ಮುಖ್ಯ ಕೋಚ್‌ನ ಹೊಣೆಗಾರಿಕೆ ಎಂಬ ಕಲಮು ಇದ್ದೇ ಇದೆ, 2023ರ ಜನವರಿ 1ರಿಂದ ಅದು ಇನ್ನಷ್ಟು ಬಿಗಿಯೂ ಆಗಿದೆ. ಸಹಾಯಕರು ತಪ್ಪು ಮಾಡಿದರೆ ತನಗೆ ಗೊತ್ತಿರಲಿಲ್ಲ ಎಂದು ಮುಖ್ಯ ಕೋಚ್ ಈಗ ಜಾರಿಕೊಳ್ಳುವಂತಿಲ್ಲ. ಆದರೆ ಅದು ಅನ್ವಯಿಸುವುದು ಆಟಗಾರರನ್ನು ಸೆಳೆಯುವ ವ್ಯವಹಾರ, ದುಡ್ಡು, ಸವಲತ್ತುಗಳಂಥ ನಿಯಮಭಂಗಗಳಿಗೆ. ಒಂದು ತಂಡ ವರ್ಷವಿಡೀ ಮೊಣಕೈ ಬೀಸಿಕೊಂಡೇ ಆಡಿದರೂ ಆ ಕಲಮು ಅತ್ತ ತಿರುಗಿ ನೋಡುವುದಿಲ್ಲ.

ಪ್ರಶ್ನೆ: ನಾನು ದೈಹಿಕ ಶಿಕ್ಷಣ ಶಿಕ್ಷಕಿ. ಎದುರಾಳಿಗೆ ಹೊಡೆಯಿರಿ ಎಂದು ಯಾವ ಕೋಚ್ ತಾನೇ ಹೇಳಿಯಾರು? ಹಾಗಿರುವಾಗ ಒರಟಾಟಕ್ಕೆ ಕೋಚ್ ಕಾರಣ ಎಂದು ತೀರ್ಮಾನಿಸುವುದು ಹೇಗೆ?
– ಓದುಗರೊಬ್ಬರು, ಹಾಸನ

ಉತ್ತರ: ಯಾರೂ ಹಾಗೆ ಹೇಳುವುದಿಲ್ಲ, ಹೇಳಬೇಕಾದ ಅಗತ್ಯವೂ ಇಲ್ಲ. ಸುಲಭದ ಬ್ಯಾಸ್ಕೆಟ್ ಕೊಡಬೇಡಿ, ಅವಳಿಗೆ ಉಸಿರಾಡಲು ಬಿಡಬೇಡಿ ಎಂದರೆ ಸಾಕು. ಅದು ಸಭ್ಯ ಸೂಚನೆಯೇ. ಅದನ್ನು ಆಟಗಾರ್ತಿ ಹೇಗೆ ತೆಗೆದುಕೊಂಡಳು, ಅದಕ್ಕೆ ಕೋಚ್ ಹೇಗೆ ಪ್ರತಿಕ್ರಿಯಿಸಿದರು ಎಂಬಲ್ಲಿ ವಿಷಯ ಇದೆ. ರೀಬೌಂಡ್‌ಗಾಗಿ, ಅಂದರೆ ಗುರಿ ತಪ್ಪಿ ಮರಳಿ ಚಿಮ್ಮುವ ಚೆಂಡಿಗಾಗಿ, ಸೊಂಟ ಕೊಟ್ಟು ಎದುರಾಳಿಯನ್ನು ಹಿಂದಕ್ಕೆ ತಡೆಹಿಡಿಯುವುದು ಕಲಿಸಿದ ವಿದ್ಯೆ. ಚೆಂಡು ಕೈಗೆ ಸಿಕ್ಕಮೇಲೆ ಮೊಣಕೈಗಳನ್ನು ಅಗಲಿಸಿ ಗಿರಕಿ ಹೊಡೆಯುವುದು ಬೇರೆ ಮಾತು. ಇವೆಲ್ಲಕ್ಕಿಂತ ಅಪಾಯಕಾರಿಯಾದದ್ದು ಗಮನಕ್ಕೆ ಬಾರದೆ ಹೋಗುತ್ತದೆ: ಶಾಟ್ ಹೊಡೆಯಲು ಜಿಗಿದವಳು ಕೆಳಗಿಳಿಯುವ ಜಾಗಕ್ಕೆ ತನ್ನ ಪಾದವನ್ನು ಸರಿಸಿಡುವುದು. ಗಾಳಿಯಲ್ಲಿರುವ ಆಟಗಾರ್ತಿಯ ಕಣ್ಣು ಬ್ಯಾಸ್ಕೆಟ್ ಮೇಲಿರುತ್ತದೆ, ಕೆಳಗಿನ ಪಾದ ಅವಳಿಗೆ ಕಾಣುವುದಿಲ್ಲ. ಕಣಕಾಲು ಉಳುಕುತ್ತದೆ, ಕೆಲವೊಮ್ಮೆ ಇಡೀ ಋತುವೇ ಕೈಬಿಟ್ಟು ಹೋಗುತ್ತದೆ.

ಒಮ್ಮೆ ಆದರೆ ಆಕಸ್ಮಿಕ ಎನ್ನೋಣ. ಎರಡನೆಯ ಸಲವೂ ಅದೇ ಆಟಗಾರ್ತಿ ಹಾಗೆಯೇ ಮಾಡಿದಾಗ ಬೆಂಚಿನತ್ತ ನೋಡಿ. ಪಂದ್ಯ ನಡೆಯುತ್ತಿರುವಾಗ ಕೋಚ್ ಕೈಯಲ್ಲಿರುವ ತಕ್ಷಣದ ಶಿಕ್ಷೆ ಒಂದೇ, ಅವಳನ್ನು ಕರೆದು ಕೂರಿಸುವುದು. ಅದನ್ನು ಬಳಸದೆ, ಉಲ್ಟಾ ರೆಫರಿಯ ಮೇಲೆ ಕೂಗಾಡುವ ಕೋಚ್ ತಂಡಕ್ಕೆ ಪಾಠ ಹೇಳಿಕೊಟ್ಟಾಯಿತು.

ರೆಫರಿಗಳ ಮಾತು ಬಂದದ್ದರಿಂದ ಒಂದು ಪ್ರಸಂಗ ಹೇಳುತ್ತೇನೆ. ಹಿಂದಿನ ವರ್ಷ 40 ಪಂದ್ಯಗಳಲ್ಲಿ 40ನ್ನೂ ಗೆದ್ದಿದ್ದ ಬೇಲರ್, 2013ರ ರಾಷ್ಟ್ರೀಯ ಟೂರ್ನಿಯಲ್ಲಿ ಲೂಯಿವಿಲ್ ವಿರುದ್ಧ 82–81ರಿಂದ ಸೋತಿತು. ಲೂಯಿವಿಲ್ ಆಟಗಾರ್ತಿಯರು ಇಡೀ ಪಂದ್ಯ ಗ್ರೈನರ್‌ರನ್ನು ಮುತ್ತಿ, ಮೈಗೆ ಮೈ ತಾಗಿಸಿ, ತಳ್ಳಾಡಿದರು. ರೆಫರಿಗಳು ಬಹಳಷ್ಟನ್ನು ಫೌಲ್ ಎನ್ನದೆ ಬಿಟ್ಟರು. ಪಂದ್ಯದ ನಂತರ ಮಲ್ಕಿ ಆ ಮೂವರು ರೆಫರಿಗಳನ್ನು ಬಹಿರಂಗವಾಗಿ ತರಾಟೆಗೆ ತೆಗೆದುಕೊಂಡರು. ಎನ್‌ಸಿಎಎ ಅವರಿಗೆ ಮುಂದಿನ ವರ್ಷದ ಟೂರ್ನಿಯ ಮೊದಲ ಪಂದ್ಯದಲ್ಲಿ ಬೆಂಚಿಗೆ ಬರದಂತೆ ಅಮಾನತು ವಿಧಿಸಿತು. ಕೋಚ್‌ಗೆ ಶಿಕ್ಷೆಯಾಗುವುದು ಮಾತಿಗೆ, ತಂಡದ ಆಟಕ್ಕಲ್ಲ ಎಂಬುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ನನಗೆ ತಿಳಿದಿಲ್ಲ. ಲೂಯಿವಿಲ್ ನಿಯಮ ಮುರಿಯಿತು ಎಂದು ನಾನು ಹೇಳುತ್ತಿಲ್ಲ. ಸೀಟಿ ಊದದಿದ್ದರೆ ಅದು ಫೌಲ್ ಅಲ್ಲ ಎಂದು ಎಣಿಸಿ ಆಡುವುದನ್ನು ಎಲ್ಲ ಕೋಚ್‌ಗಳೂ ಕಲಿಸುತ್ತಾರೆ. ರೆಫರಿ ಎಷ್ಟು ಸಡಿಲ ಬಿಡುತ್ತಾರೋ ಒರಟಾಟ ಅಷ್ಟು ದೂರ ಬೆಳೆಯುತ್ತದೆ.

ಪ್ರಶ್ನೆ: ಹೆಣ್ಣುಮಕ್ಕಳು ಅಂಕಣದಲ್ಲಿ ಹೀಗೆ ಹೊಡೆದಾಡುವುದು ಶೋಭೆಯೇ?
– ಓದುಗರೊಬ್ಬರು, ತುಮಕೂರು

ಉತ್ತರ: ಗಂಡುಮಕ್ಕಳಿಗೆ ಶೋಭೆಯಾದರೆ ಇವರಿಗೂ ಶೋಭೆ. 1992ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಕ್ರಿಶ್ಚಿಯನ್ ಲೇಟ್‌ನರ್, ನೆಲಕ್ಕೆ ಬಿದ್ದಿದ್ದ ಕೆಂಟಕಿ ಆಟಗಾರನ ಎದೆಯ ಮೇಲೆ ಕಾಲಿಟ್ಟರು. ಸಿಕ್ಕಿದ್ದು ಬರೇ ಒಂದು ಟೆಕ್ನಿಕಲ್ ಫೌಲ್. ಅವರು ಆಟ ಮುಂದುವರಿಸಿ, ಕೊನೆಯ ಕ್ಷಣದ ಶಾಟ್‌ನಿಂದ ಪಂದ್ಯವನ್ನೇ ಗೆಲ್ಲಿಸಿದರು. ಅಮೆರಿಕದ ಟಿವಿಗಳಲ್ಲಿ ಇಂದಿಗೂ ಬರುವುದು ಆ ಶಾಟ್. ಗ್ರೈನರ್‌ರ ಆ ಗುದ್ದನ್ನು ಮಾತ್ರ ಜನ ವರ್ಷಗಟ್ಟಲೆ ಎತ್ತಿ ಆಡಿದರು. ತಪ್ಪನ್ನು ತಪ್ಪೆನ್ನೋಣ, ಲಿಂಗವನ್ನು ಬದಿಗಿಡೋಣ.

ಪ್ರಶ್ನೆ: ಎದುರಾಳಿ ತಂಡದ ಕೋಚ್ ಮೇಲೆ ದೂರು ಕೊಡಲು ದಾರಿ ಇದೆಯೇ?
– ಓದುಗರೊಬ್ಬರು, ಉಡುಪಿ

ಉತ್ತರ: ಒಕ್ಕೂಟಕ್ಕೆ ವಿಡಿಯೊ ಸಮೇತ ಕಳಿಸುವ ದಾರಿ ಇದೆ. ಮೈಕಿನ ಮುಂದೆ ಹೇಳುವ ದಾರಿ ದುಬಾರಿ. 2018ರ ಜನವರಿಯಲ್ಲಿ ಸೌತ್ ಕ್ಯಾರೊಲಿನಾದಲ್ಲಿ ನಡೆದ ಪಂದ್ಯದ ಬಳಿಕ ಮಿಸೌರಿ ವಿಶ್ವವಿದ್ಯಾಲಯದ ಕ್ರೀಡಾ ನಿರ್ದೇಶಕರು, ಪ್ರೇಕ್ಷಕರು ತಮ್ಮ ಆಟಗಾರ್ತಿಯರ ಮೇಲೆ ಉಗುಳಿದರು, ಜನಾಂಗೀಯವಾಗಿ ನಿಂದಿಸಿದರು, ಇಂಥ ವಾತಾವರಣಕ್ಕೆ ಸ್ಟೇಲಿ ಕಾರಣ ಎಂದು ರೇಡಿಯೊದಲ್ಲಿ ಹೇಳಿದರು. ಸ್ಟೇಲಿ ಮಾನನಷ್ಟ ಮೊಕದ್ದಮೆ ಹೂಡಿದರು. 50,000 ಡಾಲರ್‌ಗೆ ರಾಜಿಯಾಯಿತು. ಎಸ್‌ಇಸಿ ಬೇರೆಯಾಗಿ ಆ ನಿರ್ದೇಶಕರಿಗೆ 25,000 ಡಾಲರ್ ದಂಡ ಹಾಕಿತು.

ಪ್ರಶ್ನೆ: ನನ್ನ ಮಗಳು ಬ್ಯಾಸ್ಕೆಟ್‌ಬಾಲ್ ಆಡುತ್ತಾಳೆ, ಸ್ಕಾಲರ್‌ಶಿಪ್ ಪಡೆದು ಅಮೆರಿಕದ ಕಾಲೇಜಿಗೆ ಹೋಗುವ ಆಸೆ ಅವಳಿಗಿದೆ. ಅಲ್ಲಿನ ಕೋಚ್ ಎಂಥವರೆಂದು ಇಲ್ಲಿ ಕುಳಿತು ತಿಳಿಯುವುದು ಹೇಗೆ?
– ಓದುಗರೊಬ್ಬರು, ಮಂಡ್ಯ

ಉತ್ತರ: ಬೆಂಗಳೂರಿನ ಸಂಜನಾ ರಮೇಶ್ ನಾರ್ದರ್ನ್ ಅರಿಝೋನಾ ವಿಶ್ವವಿದ್ಯಾಲಯದ ತಂಡ ಸೇರಿದ ಮೇಲೆ ಇದು ನಮ್ಮವರಿಗೆ ದೂರದ ಕನಸಾಗಿ ಉಳಿದಿಲ್ಲ, ಆದ್ದರಿಂದ ನಿಮ್ಮ ಪ್ರಶ್ನೆ ಸಮಯೋಚಿತ. ಎದುರಾಳಿಯೊಡನೆ ಒರಟಾಗಿರುವ ಕೋಚ್‌ಗಿಂತ ತನ್ನದೇ ತಂಡದೊಡನೆ ಒರಟಾಗಿರುವ ಕೋಚ್ ನಿಮ್ಮ ಮಗಳಿಗೆ ಹೆಚ್ಚು ಅಪಾಯಕಾರಿ ಎಂಬುದನ್ನು ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಿ.

ಎರಡು ಪ್ರಕರಣಗಳನ್ನು ಗಮನಿಸಿ. ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯಕ್ಕೆ 1994ರಲ್ಲಿ ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟ, ಸಾವಿರಕ್ಕೂ ಹೆಚ್ಚು ಪಂದ್ಯ ಗೆದ್ದ ಸಿಲ್ವಿಯಾ ಹ್ಯಾಚೆಲ್ 2019ರ ಏಪ್ರಿಲ್‌ನಲ್ಲಿ ರಾಜೀನಾಮೆ ಕೊಡಬೇಕಾಯಿತು. ಅವರು ಜನಾಂಗೀಯವಾಗಿ ನೋಯಿಸುವ ಮಾತುಗಳನ್ನಾಡಿದ್ದಾರೆ, ಗಾಯಗೊಂಡವರಿಗೆ ಆಡುವಂತೆ ಒತ್ತಡ ಬಂದಿದೆ ಎಂಬ ದೂರುಗಳ ಬಗ್ಗೆ ಹೊರಗಿನವರಿಂದ ಪರಿಶೀಲನೆ ನಡೆದಿತ್ತು. ಮರುವರ್ಷ ಟೆಕ್ಸಸ್ ಟೆಕ್‌ನ ಸರದಿ. ಆಟಗಾರ್ತಿಯರಿಗೆ ಹೃದಯ ಬಡಿತ ಅಳೆಯುವ ಸಾಧನ ಕಟ್ಟಿ, ಬಡಿತ ಗರಿಷ್ಠದ ಶೇ 90ಕ್ಕಿಂತ ಕೆಳಗಿಳಿಯದಂತೆ ಆಡಲು ಒತ್ತಾಯಿಸುತ್ತಿದ್ದರು ಎಂಬುದು ಯುಎಸ್‌ಎ ಟುಡೇ ಪ್ರಕಟಿಸಿದ ವರದಿಯ ಆರೋಪಗಳಲ್ಲಿ ಒಂದು. ಕೋಚ್ ಮಾರ್ಲೀನ್ ಸ್ಟಾಲಿಂಗ್ಸ್ ಆರೋಪಗಳನ್ನು ಅಲ್ಲಗಳೆದರು; ವರದಿ ಬಂದ ಬೆನ್ನಿಗೇ, 2020ರ ಆಗಸ್ಟ್‌ನಲ್ಲಿ, ವಿಶ್ವವಿದ್ಯಾಲಯ ಅವರನ್ನು ಕೆಲಸದಿಂದ ತೆಗೆಯಿತು. ಅವರ ಅವಧಿಯಲ್ಲಿ 21 ಆಟಗಾರ್ತಿಯರ ಪೈಕಿ 12 ಮಂದಿ ತಂಡ ಬಿಟ್ಟಿದ್ದರು ಎಂದು ಅದೇ ವರದಿ ಹೇಳಿತ್ತು.

ಈ ಕೊನೆಯ ಅಂಕಿಯನ್ನು ನೀವು ಯಾವ ಕಾಲೇಜಿಗಾದರೂ ಮನೆಯಲ್ಲೇ ಕುಳಿತು ಲೆಕ್ಕ ಹಾಕಬಹುದು. ಕಾಲೇಜಿನ ಕ್ರೀಡಾ ಜಾಲತಾಣದಲ್ಲಿ ಪ್ರತಿ ವರ್ಷದ ತಂಡದ ಪಟ್ಟಿ ಇರುತ್ತದೆ. ಮೂರು ನಾಲ್ಕು ವರ್ಷಗಳದ್ದನ್ನು ಪಕ್ಕದಲ್ಲಿಟ್ಟುಕೊಂಡು, ಪದವಿ ಮುಗಿಯುವ ಮೊದಲೇ ಕಾಣೆಯಾದ ಹೆಸರುಗಳನ್ನು ಗುರುತು ಹಾಕಿ. ಹಿಂದೆ ಕಾಲೇಜು ಬದಲಿಸಿದರೆ ಒಂದು ವರ್ಷ ಆಡದೆ ಕೂರಬೇಕಿತ್ತು. 2021ರಲ್ಲಿ ಆ ನಿರ್ಬಂಧ ಸಡಿಲವಾದ ಮೇಲೆ ಎಲ್ಲ ತಂಡಗಳಲ್ಲೂ ಬಂದುಹೋಗುವವರು ಹೆಚ್ಚಿದ್ದಾರೆ, ಆದ್ದರಿಂದ ಒಂದಿಬ್ಬರು ಬಿಟ್ಟುಹೋದರೆ ಗಾಬರಿ ಬೇಡ. ಅರ್ಧ ತಂಡವೇ ಖಾಲಿಯಾಗಿದ್ದರೆ ಕಾರಣ ಕೇಳಿ. ಆಟಗಾರ್ತಿಯರು ಎದ್ದು ನಡೆಯಬಲ್ಲರು ಎಂಬ ಈ ಹೊಸ ಭಯ, ನಿಯಮಪುಸ್ತಕದ ಕಲಮುಗಳಿಗಿಂತ ಹೆಚ್ಚಾಗಿ ಕೋಚ್‌ಗಳನ್ನು ಹದ್ದುಬಸ್ತಿನಲ್ಲಿಟ್ಟಿದೆ ಎಂಬುದು ನನ್ನ ಅಭಿಪ್ರಾಯ.

ಗಾಯವಾದಾಗ ಮತ್ತೆ ಆಡಬಹುದೆಂದು ಹೇಳುವವರು ಯಾರು ಎಂದು ಕೋಚ್‌ರನ್ನೇ ನೇರವಾಗಿ ಕೇಳಿ. ಆ ನಿರ್ಧಾರ ತಂಡದ ವೈದ್ಯರದು ಮತ್ತು ಗಾಯಗಳ ಆರೈಕೆ ನೋಡಿಕೊಳ್ಳುವ ಅಥ್ಲೆಟಿಕ್ ಟ್ರೇನರ್‌ಗಳದು, ಕೋಚ್ ಅದನ್ನು ತಿದ್ದುವಂತಿಲ್ಲ ಎಂಬುದು ಅಲ್ಲಿನ ನಿಯಮ. ಉತ್ತರದಲ್ಲಿ ತಡವರಿಕೆ ಕಂಡರೆ ಎಚ್ಚರವಾಗಿರಿ. ಅಮೆರಿಕದ ಹುಡುಗಿ ಕಾಲೇಜು ಬದಲಿಸಿದಷ್ಟು ಸಲೀಸಾಗಿ ನಿಮ್ಮ ಮಗಳು ಬದಲಿಸಲಾರಳು ಎಂಬುದೂ ನೆನಪಿರಲಿ. ವಿದ್ಯಾರ್ಥಿ ವೀಸಾದಲ್ಲಿರುವವರು ತಮ್ಮ ವಲಸೆ ದಾಖಲೆಯನ್ನು ಹೊಸ ಕಾಲೇಜಿಗೆ ವರ್ಗಾಯಿಸಿಕೊಂಡು, ವಿದ್ಯಾರ್ಥಿ ವೀಸಾಕ್ಕೆಂದು ಕಾಲೇಜು ಕೊಡುವ ಐ-20 ಪತ್ರವನ್ನು ಹೊಸದಾಗಿ ಪಡೆಯಬೇಕಾಗುತ್ತದೆ, ಹಳೆಯ ಸ್ಕಾಲರ್‌ಶಿಪ್ ಅಲ್ಲಿಗೇ ನಿಲ್ಲುತ್ತದೆ. ಆದ್ದರಿಂದ ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವ ಮೊದಲು, ಪಟ್ಟಿಯಲ್ಲಿ ನೀವು ಗುರುತು ಹಾಕಿದ ಹೆಸರುಗಳಲ್ಲಿ ಒಬ್ಬರಿಗಾದರೂ ಮಗಳಿಂದಲೇ ಸಂದೇಶ ಕಳಿಸಿ ಮಾತಾಡಿಸಿ. ಸಾಧ್ಯವಾದರೆ ಆಕೆ ಹೊರದೇಶದಿಂದ ಬಂದ ಆಟಗಾರ್ತಿಯಾಗಿರಲಿ.