ನೆಗೆಟಿವ್ ಬಂದರೂ ದಿನಾ ಫೋನ್ ಯಾಕೆ?

ಪ್ರಶ್ನೆ: ಕೋವಿಡ್ ಸಮಯದಲ್ಲಿ ವಿಮಾನ ಇಳಿದಾಗಲೇ ನನ್ನ ಟೆಸ್ಟ್ ನೆಗೆಟಿವ್ ಬಂದಿತ್ತು. ಆದರೂ 14 ದಿನ ಫೋನ್ ಮಾಡಿ ಜ್ವರ ಇದೆಯಾ ಅಂತ ಕೇಳುತ್ತಿದ್ದರು. ಅದು ಬೇಕಿತ್ತಾ?

ಉತ್ತರ: ಖಂಡಿತ ಬೇಕಿತ್ತು. ವೈರಸ್ ಮೈಗೆ ಹೊಕ್ಕ ತಕ್ಷಣ ಟೆಸ್ಟ್‌ನಲ್ಲಿ ಸಿಗುವುದಿಲ್ಲ. 2020ರಲ್ಲಿ ಹರಡಿದ ಕೋವಿಡ್‌ನಲ್ಲಿ ಲಕ್ಷಣ ಕಾಣಿಸಲು ಸಾಮಾನ್ಯವಾಗಿ 5-6 ದಿನ, ಕೆಲವರಿಗೆ 14 ದಿನದವರೆಗೂ ಹಿಡಿಯುತ್ತಿತ್ತು. ಹೊರಡುವ ಹಿಂದಿನ ದಿನ ಸೋಂಕು ತಗುಲಿದವರು ಇಳಿಯುವಾಗ ಆರಾಮಾಗೇ ಇರುತ್ತಾರೆ, ಜ್ವರ ನೋಡುವ ಯಂತ್ರವನ್ನೂ ದಾಟುತ್ತಾರೆ, ನಾಲ್ಕು ದಿನ ಬಿಟ್ಟು ಗಂಟಲು ಕೆರೆಯಲು ಶುರುವಾಗುತ್ತೆ. ಆಗ ಬರುವ ಒಂದು ಫೋನ್‌ನಿಂದ ಮನೆಯವರೆಲ್ಲ ಉಳಿಯಬಹುದು, ಅಲ್ವಾ? ಆಗ ಪ್ರಯಾಣಿಕರು ತುಂಬುತ್ತಿದ್ದ ಫಾರಂನಲ್ಲಿ ಸೀಟ್ ನಂಬರ್ ಬರೆಸಿಕೊಳ್ಳುತ್ತಿದ್ದದ್ದೂ ಸುಮ್ನೆ ಅಲ್ಲ, ಯಾರಿಗಾದರೂ ಪಾಸಿಟಿವ್ ಬಂದರೆ ಹತ್ತಿರ ಕೂತವರನ್ನು ಹುಡುಕುತ್ತಿದ್ದದ್ದು ಅದರಿಂದಲೇ. ಅದೇ ಫಾರಂನಲ್ಲಿ ಫೋನ್ ನಂಬರಿನ ಒಂದು ಅಂಕಿ ತಪ್ಪು ಬರೆದಿದ್ದರೂ ಆ ಫೋನ್ ನಿಮಗೆ ಬರುತ್ತಿರಲಿಲ್ಲ.