ಬ್ರೈನ್ ಮ್ಯಾಪಿಂಗ್ ಆಗುವ ತನಕ ಮಾತ್ರೆ ಬೇಡವೇ?

(ಆಪ್ತಸಲಹೆ ಪ್ರಕರಣ, ಚಿಕ್ಕಮಗಳೂರು. ಹೆಸರು ಮತ್ತು ಮನೆಯ ವಿವರ ಬದಲಿಸಿದೆ.)

ಸುನಂದಾ, 43 ವರ್ಷ, ಮೂಡಿಗೆರೆ ಕಡೆಯ ಸಣ್ಣ ಬೆಳೆಗಾರರ ಮನೆಯವರು. ಮೂರು ತಿಂಗಳಿಂದ ಬೆಳಗಿನ ಜಾವ ಮೂರಕ್ಕೇ ಎಚ್ಚರ, ಊಟ ಸೇರದು, ಕೊಯ್ಲು ನಡೆಯುತ್ತಿದ್ದರೂ ಕಣದ ಕಡೆ ಕಾಲಿಡಲು ಮನಸ್ಸಿಲ್ಲ. ಮನೋವೈದ್ಯರು ಖಿನ್ನತೆ ಎಂದು ಗುರುತಿಸಿ ಎಸಿಟಾಲೊಪ್ರಾಮ್ 10 ಮಿಲಿಗ್ರಾಂ ಬರೆದಿದ್ದರು. ಹೊಟ್ಟೆ ತೊಳಸಿತು, ಗುಣ ಕಾಣಲಿಲ್ಲ ಎಂದು ಒಂಬತ್ತೇ ದಿನಕ್ಕೆ ಬಿಟ್ಟರು. ಅಷ್ಟರಲ್ಲಿ ಬೆಂಗಳೂರಿನಲ್ಲಿರುವ ಮಗ ಒಂದು ವಿಡಿಯೊ ಕಳಿಸಿದ್ದ. ಬ್ರೈನ್ ಮ್ಯಾಪಿಂಗ್ ಎಂದು ಮಿದುಳಿನ ಅಲೆ ಅಳೆದು ಯಾವ ಮಾತ್ರೆ ಒಗ್ಗುತ್ತದೆಂದು ಮೊದಲೇ ಹೇಳುತ್ತಾರಂತೆ. ಗಂಡ ನೇರವಾಗಿಯೇ ಕೇಳಿದರು: "ಮೇಡಂ, ಒಂದೊಂದೇ ಮಾತ್ರೆ ಕೊಟ್ಟು ನೋಡೋದ್ಯಾಕೆ? ಕಾಫಿ ದುಡ್ಡು ಬಂದ್ಮೇಲೆ ಆ ಟೆಸ್ಟ್ ಮಾಡ್ಸಿ, ಆಮೇಲೆ ಶುರು ಮಾಡಿದ್ರಾಯ್ತಲ್ಲ?"

ಅವರ ಪ್ರಶ್ನೆಯಲ್ಲಿ ನ್ಯಾಯವಿದೆ. ಅಮೆರಿಕದಲ್ಲಿ ಸುಮಾರು 4,000 ಜನರನ್ನು ಸೇರಿಸಿಕೊಂಡು ನಡೆದ ಸ್ಟಾರ್-ಡಿ ಅಧ್ಯಯನದಲ್ಲಿ ಮೊದಲ ಮಾತ್ರೆಗೇ ಪೂರ್ತಿ ಹುಷಾರಾದವರು ಮೂರರಲ್ಲಿ ಒಂದು ಪಾಲಿನಷ್ಟು ಮಾತ್ರ. ಉಳಿದವರಿಗೆ ಪ್ರಮಾಣ ಬದಲಿಸು, ಮಾತ್ರೆ ಬದಲಿಸು ಎಂದು ತಿಂಗಳುಗಳೇ ಹೋಗುತ್ತವೆ. ಆ ತಿಂಗಳುಗಳನ್ನು ಉಳಿಸಬೇಕೆಂದೇ ಇಇಜಿ, ಎಂದರೆ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಪರೀಕ್ಷೆಯ ಮೇಲೆ ಸಂಶೋಧನೆ ನಡೆದಿರುವುದು.

ಇಇಜಿಯಲ್ಲಿ ತಲೆಗೆ ಸಾಮಾನ್ಯವಾಗಿ 19 ಎಲೆಕ್ಟ್ರೋಡ್ ಅಂಟಿಸಿ, ಕಣ್ಣು ಮುಚ್ಚಿಸಿ ಮತ್ತು ತೆರೆಸಿ ಕೆಲವು ನಿಮಿಷ ದಾಖಲಿಸುತ್ತಾರೆ. ಕಂಪ್ಯೂಟರ್ ಅದನ್ನು ಅಲೆಯ ವೇಗ ನೋಡಿ ಥೀಟಾ (4ರಿಂದ 8 ಹರ್ಟ್ಸ್), ಆಲ್ಫಾ (8ರಿಂದ 13) ಎಂದು ವಿಂಗಡಿಸುತ್ತದೆ. ಹಣೆಯ ಭಾಗದ ಥೀಟಾ ಮೇಲೆ ಹೆಚ್ಚು ಕೆಲಸವಾಗಿದೆ. 2009ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲ್ಯೂಕ್ಟರ್ ತಂಡ ಇದೇ ಎಸಿಟಾಲೊಪ್ರಾಮ್ ಮೇಲೆ ನಡೆಸಿದ ಅಧ್ಯಯನದಲ್ಲಿ ಯಾರಿಗೆ ಮಾತ್ರೆ ಹಿಡಿಯುತ್ತದೆಂಬ ಊಹೆ ನೂರಕ್ಕೆ 74ರಷ್ಟು ಸರಿಬಂತು. ವಿಡಿಯೊದಲ್ಲಿ ಈ ಅಂಕಿ ಇತ್ತು. ಆದರೆ ಅವರು ಅಳೆದದ್ದು ಎರಡು ಸಲ, ಮಾತ್ರೆಗೆ ಮೊದಲು ಒಮ್ಮೆ, ಒಂದು ವಾರ ಮಾತ್ರೆ ನುಂಗಿದ ಮೇಲೆ ಇನ್ನೊಮ್ಮೆ. ಎಂದರೆ ಆ ಪರೀಕ್ಷೆಗೂ ಮಾತ್ರೆ ಶುರುವಾಗಲೇಬೇಕು. ವಿಡಿಯೊ ಇದನ್ನು ಹೇಳಿರಲಿಲ್ಲ, ಗಂಡನ ಲೆಕ್ಕ ತಪ್ಪಿದ್ದೂ ಇಲ್ಲೇ.

ಇನ್ನೊಂದು ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದೆವು. ಇಂಥ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿದ 2019ರ ವಿಶ್ಲೇಷಣೆಯ ಪ್ರಕಾರ, ಗುಣವಾಗುವವರನ್ನು ಇಇಜಿ ಸರಿಯಾಗಿ ಹಿಡಿಯುವುದು 72%, ಆಗದವರನ್ನು 68%. ನೂರು ಜನರಲ್ಲಿ ಐವತ್ತು ಮಂದಿಗೆ ಮಾತ್ರೆ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಆ ಐವತ್ತರಲ್ಲಿ 36 ಮಂದಿಗೆ ಪರೀಕ್ಷೆ "ಹಿಡಿಯುತ್ತದೆ" ಎನ್ನುತ್ತದೆ, 14 ಮಂದಿಗೆ "ಇಲ್ಲ" ಎನ್ನುತ್ತದೆ. ಹಿಡಿಯದ ಐವತ್ತರಲ್ಲಿ 34 ಮಂದಿಗೆ "ಇಲ್ಲ" ಎಂದು ಸರಿಯಾಗಿ ಹೇಳುತ್ತದೆ. ಒಟ್ಟು 48 ಮಂದಿಗೆ "ಈ ಮಾತ್ರೆ ಬೇಡ" ಎಂಬ ವರದಿ ಬಂದರೆ ಅವರಲ್ಲಿ 14 ಮಂದಿ ಅದೇ ಮಾತ್ರೆಯಲ್ಲಿ ಸುಧಾರಿಸಬೇಕಾದವರು. ದಿನನಿತ್ಯದ ಚಿಕಿತ್ಸೆಗೆ ಇದನ್ನು ನೆಚ್ಚಲಾಗದು ಎಂಬುದೇ ಆ ವಿಶ್ಲೇಷಣೆಯ ತೀರ್ಮಾನವೂ ಆಗಿತ್ತು.

"ಯಾವ ಮಾತ್ರೆ" ಎಂಬ ಪ್ರಶ್ನೆಗಂತೂ ಉತ್ತರ ಇನ್ನೂ ದೂರ. ಖಿನ್ನತೆಯ ಇನ್ನೊಂದು ಮಾತ್ರೆಯಾದ ಸರ್ಟ್ರಾಲಿನ್ ಮತ್ತು ಔಷಧವಿಲ್ಲದ ಹುಸಿಮಾತ್ರೆಯನ್ನು ಹೋಲಿಸಿದ ಎಂಬಾರ್ಕ್ ಅಧ್ಯಯನದಲ್ಲಿ ಮಿದುಳಿನ ಮುಂಭಾಗದ ಒಳಗಿನ ಒಂದು ಜಾಗದಲ್ಲಿ ಥೀಟಾ ಹೆಚ್ಚಿದ್ದವರು ಎರಡೂ ಗುಂಪಿನಲ್ಲಿ ಹೆಚ್ಚು ಸುಧಾರಿಸಿದರು. ಯಾರು ಸುಧಾರಿಸಬಹುದು ಎಂಬ ಸುಳಿವು ಸಿಕ್ಕಿತು, ಯಾವುದರಿಂದ ಎಂಬುದು ಸಿಗಲಿಲ್ಲ. ಅದೇ ದತ್ತಾಂಶದ ಮೇಲೆ ಸರ್ಟ್ರಾಲಿನ್‌ಗೇ ಹೊಂದುವ ಗುರುತು ಹುಡುಕುವ ಗಣಕ ವಿಧಾನವೊಂದು 2020ರಲ್ಲಿ ಬಂದಿದೆ. ನಮಗೂ ಅದರ ಮೇಲೆ ಆಸೆಯಿದೆ.

ಸುನಂದಾ ಅವರ ವಿಷಯದಲ್ಲಿ ಅಳತೆಯೇ ಕೆಡುವ ಸಾಧ್ಯತೆ ಬೇರೆ ಇತ್ತು. ರಾತ್ರಿ ನಿದ್ದೆಯಿಲ್ಲದವರು ಕಣ್ಣು ಮುಚ್ಚಿ ಕುಳಿತರೆ ತೂಕಡಿಸುತ್ತಾರೆ, ತೂಕಡಿಸಿದರೆ ಥೀಟಾ ತಾನಾಗಿ ಏರುತ್ತದೆ. ನಿದ್ದೆಗೆಂದು ಕೊಟ್ಟಿದ್ದ ಕ್ಲೊನಜೆಪಾಮ್, ಆಲ್ಫಾಗಿಂತ ವೇಗದ ಬೀಟಾ ಅಲೆಯನ್ನು ಹೆಚ್ಚಿಸುತ್ತದೆ. ತಲೆಗೆ ಎಣ್ಣೆ ಹಚ್ಚಿದ್ದರೆ ಎಲೆಕ್ಟ್ರೋಡ್ ಸರಿಯಾಗಿ ಹಿಡಿಯುವುದಿಲ್ಲ, ಹಲ್ಲು ಕಚ್ಚಿದರೂ ರೆಪ್ಪೆ ಬಡಿದರೂ ಗೆರೆ ಹಾಳು. ಇದನ್ನೆಲ್ಲ ಕೈಯಾರೆ ಶುದ್ಧಿ ಮಾಡದೆ ಬಣ್ಣದ ಚಿತ್ರ ಮುದ್ರಿಸಿ ಕೊಟ್ಟರೆ ಅದನ್ನು ನಂಬಿ ಮಾತ್ರೆ ಬದಲಿಸುವುದು ಅಪಾಯ. ಮೂರ್ಛೆ ಇದೆಯೇ ಎಂದು ನೋಡಲು ಮಾಡುವ ಇಇಜಿ ಬೇರೆ ಮಾತು. ಅದು ನಾರ್ಮಲ್ ಬಂದ ಮಾತ್ರಕ್ಕೆ ಖಿನ್ನತೆ ಇಲ್ಲವೆಂದಲ್ಲ.

ಸಲಹೆ ಕೊಡುವ ಮುನ್ನ ಒಂದು ವಿಷಯ ತಡಮಾಡುವಂತಿರಲಿಲ್ಲ. ಖಿನ್ನತೆಯ ತೀವ್ರತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ ಅವರ ಅಂಕ 27ಕ್ಕೆ 17 (ಅಂಕ ಹೆಚ್ಚಿದಷ್ಟೂ ಖಿನ್ನತೆ ಹೆಚ್ಚು). ಸಾವಿನ ಯೋಚನೆ ಕುರಿತ ಒಂಬತ್ತನೆಯ ಪ್ರಶ್ನೆಗೆ "ಕೆಲವು ದಿನ" ಎಂದು ಗುರುತು ಹಾಕಿದ್ದರು. ಗಂಡನನ್ನು ಹೊರಗೆ ಕೂರಿಸಿ ಬಿಡಿಸಿ ಕೇಳಿದೆವು. ಹೇಗೆ, ಯಾವಾಗ ಎಂಬ ಯೋಜನೆ ಇರಲಿಲ್ಲ. ಆದರೂ ತೋಟದ ಮನೆಗಳಲ್ಲಿ ಕಳೆನಾಶಕ, ಕೀಟನಾಶಕದ ಡಬ್ಬಿ ಕೈಗೆಟಕುವಂತೆಯೇ ಇರುತ್ತದೆ. ಅವರ ಒಪ್ಪಿಗೆ ಪಡೆದು ಗಂಡನಿಗೂ ತಿಳಿಸಿದೆವು. ಅದೇ ಸಂಜೆ ಡಬ್ಬಿಗಳು ಬೀಗದ ಕೋಣೆ ಸೇರಿ, ಕೀಲಿ ಪಕ್ಕದ ಮನೆಯ ಭಾವನವರ ಬಳಿ ಹೋಯಿತು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಯನ್ನು ಇಬ್ಬರ ಫೋನಿನಲ್ಲೂ ಉಳಿಸಿಕೊಟ್ಟೆವು. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಮಾತ್ರೆಯ ತೀರ್ಮಾನ ವೈದ್ಯರದು. ನಾವು ಬರೆದ ಪತ್ರ ನೋಡಿ ಅವರು 5 ಮಿಲಿಗ್ರಾಂನಿಂದ, ತಿಂಡಿಯಾದ ಮೇಲೆ, ಮತ್ತೆ ಶುರು ಮಾಡಿಸಿ ವಾರದ ನಂತರ 10ಕ್ಕೆ ಏರಿಸಿದರು. ಹೊಟ್ಟೆ ತೊಳಸುವುದು ಹೆಚ್ಚಿನವರಿಗೆ ಒಂದೆರಡು ವಾರದಲ್ಲಿ ಇಳಿಯುತ್ತದೆ, ಗುಣ ಚೆನ್ನಾಗಿ ಕಾಣುವುದು ಅದರ ನಂತರವೇ. ಈ ಹಿಂದುಮುಂದನ್ನು ಯಾರೂ ಹೇಳದಿದ್ದರೆ ಒಂಬತ್ತನೆಯ ದಿನ ಬಿಡುವುದು ಸಹಜ. ಮಂಡಿನೋವಿಗೆ ತಾವಾಗಿ ನುಂಗುತ್ತಿದ್ದ ಡೈಕ್ಲೊಫೆನಾಕ್ ಈ ಮಾತ್ರೆಯ ಜೊತೆ ಸೇರಿದರೆ ಜಠರದ ರಕ್ತಸ್ರಾವದ ಅಪಾಯ ಹೆಚ್ಚು ಎಂದು ಅದನ್ನೂ ವೈದ್ಯರಿಗೆ ತಿಳಿಸಲು ಹೇಳಿದೆವು. ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಪರೀಕ್ಷೆ ಆಯಿತು. ಹಿಂದೆ ಯಾವಾಗಲಾದರೂ ನಿದ್ದೆಯೇ ಬೇಡವೆನಿಸುವಷ್ಟು ಅತಿ ಹುರುಪು, ಕೈಮೀರಿದ ಖರ್ಚು ಇತ್ತೇ ಎಂದೂ ವೈದ್ಯರು ಕೇಳಿದರು. ಖಿನ್ನತೆಯೂ ಇಂಥ ಅತಿ ಹುರುಪಿನ ಉನ್ಮಾದವೂ ಬಂದುಹೋಗುವ ಬೈಪೋಲಾರ್ ಕಾಯಿಲೆ ಇದ್ದವರಿಗೆ ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ ಉನ್ಮಾದಕ್ಕೆ ತಿರುಗಬಹುದು.

ಮುನ್ಸೂಚನೆಗೆ ನಾವು ಕೊಟ್ಟ ಸಾಧನ ಆ ಒಂಬತ್ತು ಪ್ರಶ್ನೆಗಳ ಹಾಳೆಯೇ. ಸರಿಯಾಗಿ ಎರಡು ವಾರ ನುಂಗಿದ ಮೇಲೂ ಲಕ್ಷಣಗಳು ಐದರಲ್ಲಿ ಒಂದು ಪಾಲೂ ತಗ್ಗದಿದ್ದರೆ ಮುಂದೆ ಅದೇ ಪ್ರಮಾಣದಲ್ಲಿ ಚೆನ್ನಾಗಿ ಗುಣವಾಗುವ ಸಂಭವ ಕಡಿಮೆ ಎಂಬುದು ವೈದ್ಯರು ಖಿನ್ನತೆ ಅಳೆಯಲು ಬಳಸುವ ಹ್ಯಾಮಿಲ್ಟನ್ ಮಾಪನದಿಂದ ಗೊತ್ತಾಗಿರುವ ವಿಷಯ. ಇವರಿಗೆ ಅದನ್ನು 17ರಿಂದ 13ಕ್ಕೆ ಎಂದು ಬರೆದುಕೊಟ್ಟೆವು. ಅಷ್ಟು ಇಳಿಯದಿದ್ದರೆ ಬಿಡುವುದಲ್ಲ, ವೈದ್ಯರನ್ನು ಬೇಗ ಕಾಣುವುದು. ಹಾಳೆಯನ್ನು ಅವರೇ ತುಂಬಬೇಕು, ಗಂಡ ಪಕ್ಕದಲ್ಲಿ ಕೂತು "ಈಗ ಪರವಾಗಿಲ್ಲ ಅಲ್ವಾ" ಎನ್ನಬಾರದು. ಹಬ್ಬದ ಮರುದಿನ, ನೆಂಟರು ಬಂದ ದಿನ ಬೇಡ. ಹಾಳೆಯ ಜೊತೆ ಮಾತ್ರೆಯ ಸ್ಟ್ರಿಪ್ಪೂ ಬರಬೇಕು. ನಡುವೆ ನಾಲ್ಕು ದಿನ ತಪ್ಪಿದ್ದರೆ ಅಂಕಕ್ಕೆ ಅರ್ಥವೇ ಇಲ್ಲ. ಜೊತೆಗೆ ದಿನಾ ಬೆಳಿಗ್ಗೆ ಏಳೂವರೆಗೆ ಕಣಕ್ಕೆ ಹೋಗಿ ಇಪ್ಪತ್ತು ನಿಮಿಷ ಕಾಫಿ ಹರಡುವುದು, ಮನಸ್ಸು ಬರಲೆಂದು ಕಾಯದೆ.

ಎರಡನೆಯ ವಾರ ಅಂಕ 14. ಗಡಿಯಲ್ಲೇ ಇತ್ತು, ಸ್ಟ್ರಿಪ್ಪಿನಲ್ಲಿ ಎರಡು ಮಾತ್ರೆ ಹೆಚ್ಚು ಉಳಿದಿದ್ದವು. ವೈದ್ಯರು ಪ್ರಮಾಣ ಬದಲಿಸದೆ ಮುಂದುವರಿಸಿದರು. ನಾಲ್ಕನೆಯ ವಾರ 10, ಎಂಟನೆಯ ವಾರ 6, ಒಂಬತ್ತನೆಯ ಪ್ರಶ್ನೆಗೆ ಸೊನ್ನೆ. ಅಂಕ 5ಕ್ಕಿಂತ ಕೆಳಗಿಳಿದ ಮೇಲೂ ಕನಿಷ್ಠ ಆರು ತಿಂಗಳು ಮಾತ್ರೆ ನಡೆಯಬೇಕು, ನಿಲ್ಲಿಸುವಾಗ ವೈದ್ಯರ ಅಣತಿಯಂತೆ ನಿಧಾನಕ್ಕೆ ಇಳಿಸಬೇಕು. ಚಿಕ್ಕಮಗಳೂರಿಗೆ ಬರಲಾಗದ ತಿಂಗಳು ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ಕಿನಲ್ಲಿ ತೋರಿಸಲು ಹೇಳಿದ್ದೇವೆ. ಮಗನಿಗೆ ಇಇಜಿಯ ಆಸಕ್ತಿ ಹಾಗೆಯೇ ಇದೆ. ನೈತಿಕ ಸಮಿತಿಯ ಅನುಮತಿ ಇರುವ, ಲಿಖಿತ ಒಪ್ಪಿಗೆ ಪಡೆಯುವ, ಪರೀಕ್ಷೆಗೆ ಹಣ ಕೇಳದ ಸಂಶೋಧನೆಯಾದರೆ ತಾಯಿ ಒಪ್ಪಿದಲ್ಲಿ ಸೇರಬಹುದು, ನಡೆಯುತ್ತಿರುವ ಮಾತ್ರೆಯನ್ನು ಅದಕ್ಕಾಗಿ ನಿಲ್ಲಿಸುವ ಮುನ್ನ ವೈದ್ಯರನ್ನು ಕೇಳಲೇಬೇಕು ಎಂದು ಅವನಿಗೆ ಬರೆದಿದ್ದೇವೆ.